ನಮ್ಮ ಬಡಾವಣೆಯ ಸಾಧು ಗುಂಪು

ಮೊಮ್ಮಕ್ಕಳೇ, ಮೇಲಿನಕ್ಕ ನಿಮಗೆ ನೆನಪಿದ್ದರೆ ಶೇಂಗಾ ಹೋಳಿಗೆಯಿಂದಲೇ ನೆನಪಿರಬೇಕು. ನಿಮ್ಮಲ್ಲೊಬ್ಬರು ಆಗ ಯುಕೆಜಿ, ಇನ್ನೊಬ್ಬರು ಇನ್ನೂ ಬೆರಳು ಚೀಪುವ ವಯಸ್ಸು. ಗದಗಿನ ಕಡೆಯಿಂದ ಅವಳಿಗೆ ಡಬ್ಬಿ ಬಂದ ದಿನ ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿಂದು, ಕೈಯನ್ನು ನನ್ನ ಸೆರಗಿಗೆ ಒರೆಸುತ್ತಿದ್ದಿರಿ. ನಮ್ಮ ಬನಶಂಕರಿ ಮನೆಯ ಮೇಲಿನ ಕೋಣೆಯಲ್ಲಿ ಅವಳು ಏನು ಓದುತ್ತಿದ್ದಾಳೆಂದು ನಿಮಗೆ ಗೊತ್ತಿರಲಿಲ್ಲ. ಬೀದಿಗೆ ಗೊತ್ತಿತ್ತು, ಆದರೆ ತಪ್ಪಾಗಿ ಗೊತ್ತಿತ್ತು. ಅದರಿಂದಾಗಿಯೇ ಅವಳ ಕೋಣೆ ಹೋಗುವುದರಲ್ಲಿತ್ತು. ಆ ಕಥೆಯನ್ನು ಈಗ ಬರೆಯುತ್ತಿದ್ದೇನೆ.

ಅವಳು ಬಂದದ್ದು ಬಿಟಿಎಂ ಲೇಔಟಿನಿಂದ. ಬೆಂಗಳೂರಿಗೆ ಬಂದ ಮೇಲೆ ಅದು ಅವಳು ಬಿಟ್ಟ ಮೊದಲನೆಯ ಕೋಣೆಯೇನೂ ಆಗಿರಲಿಲ್ಲ. ಮೊದಲು ಮಡಿವಾಳದ ಸಂತೆ ಹತ್ತಿರ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದಳು. ಅಲ್ಲಿ ಪಕ್ಕದ ಮಂಚದ ಹುಡುಗಿ ಇವಳ ಕಂಪ್ಯೂಟರಿನಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದೂಕು ಹಿಡಿದವನ ಚಿತ್ರ ನೋಡಿ ವಾರ್ಡನ್ನಿಗೆ ಹೇಳಿದಳು. ಆಮೇಲೆ ಬಿಟಿಎಂನಲ್ಲಿ ಒಂದು ಕೋಣೆ. ಅಲ್ಲಿ ಮನೆ ಒಡತಿಯೇ ನೋಡಿದಳು. ಊರಿನಲ್ಲಿ ಇವಳ ತಂದೆ ಶಾಲೆ ಮೇಷ್ಟ್ರು. ಅವರು ಫೋನಿನಲ್ಲಿ ಒಂದೇ ಮಾತು ಹೇಳಿದ್ದರಂತೆ: ಇನ್ನೊಂದು ಕಡೆ ನೋಡು, ಅದೂ ಹೋದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಾ, ನೀನು ಓದಿದ್ದು ಸಾಕು. ಯುಗಾದಿ ಹೊತ್ತಿಗೆ ಅವಳು ತನ್ನ ಪಿಎಚ್‌ಡಿ ಬರವಣಿಗೆಯನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕಿತ್ತು. ನಮ್ಮನೆಗೆ ಬಂದಾಗ ಇನ್ನೂ ದಸರಾ ಆಗಿರಲಿಲ್ಲ. ಅಲ್ಲಿಯವರೆಗೆ ತಲೆಯ ಮೇಲೊಂದು ಸೂರು ಸಿಕ್ಕರೆ ಅವಳು ಡಾಕ್ಟರು, ಸಿಗದಿದ್ದರೆ ಮೇಷ್ಟ್ರ ಮಗಳು.

ಇದನ್ನೆಲ್ಲ ಅವಳು ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದಳು. ನಿಮ್ಮಮ್ಮ ಬ್ಯಾಂಕಿನಿಂದ ಇನ್ನೂ ಬಂದಿರಲಿಲ್ಲ. ನಿಮ್ಮ ತಾತ ಇದ್ದಾಗ ಹೊರಗಿನವರ ಹತ್ತಿರ ಮಾತಾಡುವುದೆಲ್ಲ ಅವರ ಇಲಾಖೆಯಾಗಿತ್ತು. ಗ್ಯಾಸಿನವನಿಂದ ಹಿಡಿದು ನೆಂಟರವರೆಗೆ ಅವರೇ ಮಾತಾಡಿ ಮುಗಿಸುತ್ತಿದ್ದರು. ನನ್ನ ಇಲಾಖೆ ಕಾಫಿ. ಅವರು ಹೋದ ಮೇಲೂ ನಾನು ಆ ಒಂದೇ ಇಲಾಖೆಯನ್ನು ನಡೆಸಿಕೊಂಡು ಬಂದೆ. ಯಾರು ಏನು ಹೇಳಿದರೂ ಕೇಳಿಸಿಕೊಂಡು ಕಾಫಿ ಕೊಡುವುದು. ಕುಡಿದವರು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡು ಹೋಗುತ್ತಿದ್ದರು. ಹುಡುಗಿ ಕಾಫಿ ಕುಡಿದು ಲೋಟ ತೊಳೆದಿಟ್ಟು, ಹಾಗಾದರೆ ನಾಳೆ ಸಾಮಾನು ತರುತ್ತೇನೆ ಎಂದಳು. ಕೋಣೆ ಬಾಡಿಗೆಗೆ ಹೋಯಿತು.

ಅವಳ ವಿಷಯ ಇಷ್ಟು. ಉಗ್ರ ರಾಜಕೀಯದ ಗುಂಪುಗಳು ಇಂಟರ್‌ನೆಟ್ಟಿನಲ್ಲಿ ಏನು ಬರೆಯುತ್ತವೆ, ಸಾಮಾನ್ಯ ಮನುಷ್ಯ ಅದನ್ನು ಓದುತ್ತಾ ಓದುತ್ತಾ ಹೇಗೆ ಬದಲಾಗುತ್ತಾನೆ, ಪೊಲೀಸರು ಅದನ್ನು ಮೊದಲೇ ಗುರುತಿಸಬಹುದೆ? ಅದಕ್ಕೆ ಅವಳು ಐದು ಮೆಟ್ಟಿಲಿನ ಒಂದು ಏಣಿ ಮಾಡಿಕೊಂಡಿದ್ದಳು. ಮೊದಲ ಮೆಟ್ಟಿಲು, ಬರಿಯ ದೂರು. ಎರಡನೆಯದು, ನಾವು ಬೇರೆ ಅವರು ಬೇರೆ ಎನ್ನುವುದು. ಮೂರು, ನಮ್ಮ ಕಷ್ಟಕ್ಕೆಲ್ಲ ಅವರೇ ಕಾರಣ. ನಾಲ್ಕು, ಇನ್ನು ಅವರ ಹತ್ತಿರ ಮಾತಾಡಿ ಪ್ರಯೋಜನವಿಲ್ಲ. ಐದು, ಏನಾದರೂ ಮಾಡಲೇಬೇಕು. ಐದನೆಯ ಮೆಟ್ಟಿಲೆಂದರೆ ಅಪಾಯ ಎಂದು ಪಾಠ ಹೇಳುವವಳಂತೆ ಬೆರಳೆತ್ತಿ ಹೇಳುತ್ತಿದ್ದಳು. ಯಾವ ಗುಂಪಿನವರು ಯಾವ ಮೆಟ್ಟಿಲಿನಲ್ಲಿದ್ದಾರೆ ಎಂದು ಅವರ ಬರಹಗಳನ್ನು ಚೀಟಿಗಳಿಗೆ ಇಳಿಸಿ ಒಂದೊಂದು ಚೀಟಿಗೂ ಅಂಕಿ ಹಾಕುವುದೇ ಅವಳ ಕೆಲಸ.

ಆದರೆ ಉಗ್ರರನ್ನು ಮಾತ್ರ ಅಳೆದರೆ ಸಂಶೋಧನೆ ಆಗುವುದಿಲ್ಲವಂತೆ. ಪಕ್ಕದಲ್ಲಿಟ್ಟು ನೋಡುವುದಕ್ಕೆ ಒಂದು ಸಾಧು ಗುಂಪೂ ಬೇಕು. ಓದು ಬರಹ ಬಲ್ಲ, ಒಳ್ಳೆಯ, ಯಾರ ತಂಟೆಗೂ ಹೋಗದ ಜನ ಇಂಟರ್‌ನೆಟ್ಟಿನಲ್ಲಿ ಪರಸ್ಪರ ಬರೆದುಕೊಂಡದ್ದು. ಸಾಧು ಗುಂಪು ಕೆಳಗಿನ ಮೆಟ್ಟಿಲಿನಲ್ಲಿ ಉಳಿಯಬೇಕು, ಉಗ್ರರ ಗುಂಪು ಮೇಲಕ್ಕೆ ಹತ್ತಬೇಕು. ಆಗ ಏಣಿ ಸರಿಯಾಗಿದೆ ಎಂದು ಅರ್ಥ. ಇಂಥ ಗುಂಪು ಎಲ್ಲಿ ಸಿಗುತ್ತದೆ ಎಂದು ಅವಳು ಯೋಚಿಸುತ್ತಿರುವಾಗ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ವಾರ್ಷಿಕ ಚಂದಾಕ್ಕೆ ಬಂದರು.

ಅವರು ಕಾರ್ಖಾನೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಬೆಳಿಗ್ಗೆ ಆರಕ್ಕೆ ಬಿಳಿ ಬೂಟು, ಮಂಕಿ ಟೋಪಿ, ಕುತ್ತಿಗೆಯಲ್ಲಿ ಒಂದು ಪೀಪಿ. ಆ ಪೀಪಿ ಯಾಕೆಂದು ಮುಂದೆ ಹೇಳುತ್ತೇನೆ. ನಮ್ಮ ಸಂಘದ ಮನೆಗಳೆಲ್ಲ ಸೇರಿ ಒಂದು ಇ-ಮೇಲ್ ಗುಂಪು ಮಾಡಿಕೊಂಡಿದ್ದವು. ಅದರ ಯಜಮಾನರೂ ಇವರೇ. ಹುಡುಗಿ ಕೇಳಿದ್ದೇ ತಡ, ಅವರ ಮುಖ ಅರಳಿತು. ಹೆಸರು ಹಾಕುವುದಿಲ್ಲವಲ್ಲ ಎಂದು ಒಂದು ಸಲ ಕೇಳಿಕೊಂಡು, ಎರಡು ವರ್ಷದ ಕಾಗದಗಳನ್ನೆಲ್ಲ ತೆಗೆದುಕೊಳ್ಳಲು ಅನುಮತಿ ಬರೆದುಕೊಟ್ಟರು.

"ತಗೊಳ್ಳಮ್ಮ, ಧಾರಾಳವಾಗಿ ತಗೊ. ಡೀಸೆಂಟ್ ಜನ ಹೇಗೆ ಮಾತಾಡ್ತಾರೆ ಅಂತ ಆ ಕಿಡಿಗೇಡಿಗಳಿಗೂ ಗೊತ್ತಾಗ್ಲಿ" ಎಂದರು.

ಇನ್ನೊಂದು ಅಡಚಣೆ ಉಳಿದಿತ್ತು. ಒಬ್ಬಳೇ ಅಂಕಿ ಹಾಕಿದರೆ ಯಾರೂ ನಂಬುವುದಿಲ್ಲ. ಎರಡನೆಯವರೊಬ್ಬರು ಅದೇ ಚೀಟಿಗಳನ್ನು ಓದಿ, ಇವಳ ಅಂಕಿ ನೋಡದೆ, ಇವಳ ಜೊತೆ ಚರ್ಚಿಸದೆ, ತಾವೇ ಅಂಕಿ ಹಾಕಬೇಕು. ಯಾವ ಚೀಟಿ ಯಾವ ಗುಂಪಿನದು ಎಂದು ಅವರಿಗೆ ಗೊತ್ತಿರಬಾರದು. ಮೊದಲು ಒಪ್ಪಿಕೊಂಡಿದ್ದ ಗೆಳತಿ ಕೆಲಸ ಸಿಕ್ಕಿ ಪುಣೆಗೆ ಹೋಗಿದ್ದಳು. ಒಂದು ಮಧ್ಯಾಹ್ನ ನಾನು ಮೆಂತ್ಯ ಬಿಡಿಸುತ್ತಾ ಕೂತಿದ್ದಾಗ ಹುಡುಗಿ ಮೆಟ್ಟಿಲಿಳಿದು ಬಂದು ನನ್ನನ್ನೇ ನೋಡುತ್ತಾ ನಿಂತಳು.

"ಅಜ್ಜಿ, ನಿಮಗ ಕನ್ನಡ ಓದಾಕ ಬರ್ತದಲ್ಲರಿ?"

ಮಾಗಡಿ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ಕ್ಲಾಸು ಎಂದೆ.

"ಸಾಕ್ರಿ. ನಿಮಗ ಏನೂ ಗೊತ್ತಿಲ್ಲಲ್ಲ, ಅದ ಬೇಕಾಗಿರೂದು" ಎಂದಳು. ಬೇಜಾರಾಗಲಿಲ್ಲ. ನನಗೆ ಏನೂ ಗೊತ್ತಿಲ್ಲ ಎಂದು ಬಹಳ ಜನ ಹೇಳಿದ್ದಾರೆ, ಆದರೆ ಅದೇ ಕಾರಣಕ್ಕೆ ಕೆಲಸ ಕೊಟ್ಟವರು ಇವಳೊಬ್ಬಳೇ.

ಹೀಗೆ ನಾನು ಎರಡನೆಯ ಓದುಗಾರ್ತಿಯಾದೆ. ನೀವು ಮಲಗಿದ ಮೇಲೆ ಮಧ್ಯಾಹ್ನ ಊಟದ ಮನೆಯಲ್ಲಿ ಕೂತು ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತಿದ್ದೆ. ಆ ಕಾಲದಲ್ಲಿ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ಅವಳು ಅದನ್ನು ಕನ್ನಡ ಅಕ್ಷರಕ್ಕೆ ಇಳಿಸಿ, ಇಂಗ್ಲಿಷಿನದನ್ನು ಕನ್ನಡ ಮಾಡಿ, ಮನುಷ್ಯರ ಮತ್ತು ಜಾಗಗಳ ಹೆಸರಿಗೆಲ್ಲ ಗೆರೆ ಎಳೆದು, ಎರಡು ಪಕ್ಷಗಳಿಗೆ 'ಕ'ದವರು, 'ಚ'ದವರು ಎಂದು ಹಾಕಿ, ಎಲ್ಲವನ್ನೂ ಬೆರೆಸಿ ಕಟ್ಟು ಕಟ್ಟಿ ಕೊಡುತ್ತಿದ್ದಳು. ನಾನು ಓದಿ ಒಂದರಿಂದ ಐದರೊಳಗೆ ಅಂಕಿ ಬರೆಯುವುದು. ದೂರೂ ಇಲ್ಲದಿದ್ದರೆ ಸೊನ್ನೆ.

ಮೊದಲ ವಾರ ಕೆಲವು ಚೀಟಿಗಳನ್ನು ಎರಡೆರಡು ಸಲ ಓದುತ್ತಿದ್ದೆ. ಒಂದು ನನಗೆ ಇವತ್ತಿಗೂ ಬಾಯಿಪಾಠವಾಗಿದೆ: 'ಚ'ದವರು ಮೊದಲು ನಮ್ಮ ಹೆಂಗಸರನ್ನು ಹೆದರಿಸಿದರು, ನಾಳೆ ನಮ್ಮ ಮೊಮ್ಮಕ್ಕಳ ಸರದಿ, ನಮ್ಮ ಸಹನೆಯನ್ನು ದೌರ್ಬಲ್ಯ ಎಂದು ತಿಳಿದಿದ್ದಾರೆ, ನಾಳೆ ಬೆಳಗಿನ ಜಾವ ಎಲ್ಲರೂ ಗೆರೆ ಎಳೆದ ಜಾಗದಲ್ಲಿ ಸೇರಿ, ಒಬ್ಬರೂ ದಾರಿ ಬಿಡಬಾರದು. ನಾನು ಐದು ಹಾಕಿ ಪೆನ್ಸಿಲ್ ಕೆಳಗಿಟ್ಟು ಬಾಗಿಲಿನ ಚಿಲಕ ನೋಡಿ ಬಂದೆ. ಇನ್ನೊಂದರಲ್ಲಿ, 'ಕ'ದವರ ಜೊತೆ ಕೂತು ಕಾಫಿ ಕುಡಿಯುವವನೂ ದ್ರೋಹಿಯೇ ಎಂದಿತ್ತು. ಅದಕ್ಕೆ ನಾಲ್ಕು. ಕಾಫಿಯ ವಿಚಾರವಾದ್ದರಿಂದ ಐದು ಹಾಕಲೂ ಮನಸ್ಸಾಗಿತ್ತು.

ಮಧ್ಯೆ ಮಧ್ಯೆ ತಣ್ಣನೆಯ ಚೀಟಿಗಳು ಬರುತ್ತಿದ್ದವು. ಪತ್ರಿಕೆ ಬಂದಿದೆ, ಬೇಕಾದವರು ತಿಳಿಸಿ. ಬರುವ ವಾರ ಉಪನ್ಯಾಸವಿದೆ, ಊಟದ ವ್ಯವಸ್ಥೆ ಇದೆ. ಒಬ್ಬ ಬರೆದಿದ್ದ: ನಾನು ಕೆಲವು ದಿನ ಊರಲ್ಲಿರುವುದಿಲ್ಲ, ದಯವಿಟ್ಟು ಯಾರಾದರೂ ಹೋಗಿ ನಮ್ಮ ತಾಯಿಗೆ ಸಕ್ಕರೆ ಕಾಯಿಲೆಯ ಮಾತ್ರೆ ತಂದುಕೊಡಿ, ಅವರಿಗೆ ಹೆಸರು ಓದಲು ಬರುವುದಿಲ್ಲ, ಹಳೆಯ ಚೀಟಿ ದೇವರ ಪಟದ ಹಿಂದೆ ಇದೆ. ಎಷ್ಟು ಒಳ್ಳೆಯ ಮಗ ಎಂದುಕೊಂಡು ಸೊನ್ನೆ ಹಾಕಿದೆ. ನನ್ನ ಮನಸ್ಸಿನಲ್ಲಿ ಲೆಕ್ಕ ಸ್ಪಷ್ಟವಾಗಿತ್ತು. ಈ ತಣ್ಣನೆಯವರು ನಮ್ಮ ಬಡಾವಣೆಯ ಹಿರಿಯರು. ಆ ಬೆಂಕಿ ಉಗುಳುವವರು ಕಾಡಿನಲ್ಲೋ ಗುಹೆಯಲ್ಲೋ ಕೂತವರು.

ಕಟ್ಟುಗಳೆಲ್ಲ ಮುಗಿದ ಮೇಲೆ ಅವಳು ನನ್ನ ಅಂಕಿ, ತನ್ನ ಅಂಕಿ ಎರಡನ್ನೂ ಕಂಪ್ಯೂಟರಿಗೆ ತುಂಬಿದಳು. ಸಂಜೆ ಕೆಳಗೆ ಬಂದು ಅಡುಗೆಮನೆ ಬಾಗಿಲಿನಲ್ಲಿ ಕುಕ್ಕರಿಸಿ ಕೂತುಬಿಟ್ಟಳು.

ನಮ್ಮಿಬ್ಬರ ಅಂಕಿ ಹೊಂದುತ್ತಿದ್ದವು. ಏಣಿ ಹೊಂದುತ್ತಿರಲಿಲ್ಲ. ಉಗ್ರರು ಒಂದನೆಯ, ಎರಡನೆಯ ಮೆಟ್ಟಿಲಿನಲ್ಲಿ ತಂಪಾಗಿ ಕೂತಿದ್ದರು. ನಮ್ಮ ಬಡಾವಣೆಯ ಸಾಧು ಗುಂಪು ಐದನೆಯದನ್ನು ದಾಟಿ ಸೂರಿನ ಮೇಲೆ ನಿಂತಿತ್ತು.

'ಕ' ಮತ್ತು 'ಚ' ಯಾರೆಂದು ನನಗೆ ಆಗಲೇ ಗೊತ್ತಾದದ್ದು. ನಮ್ಮ ಪಾರ್ಕು ನಿಮಗೆ ಗೊತ್ತಲ್ಲ. ನಡುವೆ ನಾಗರಕಲ್ಲುಗಳ ಅಶ್ವತ್ಥಕಟ್ಟೆ, ಸುತ್ತ ನಡೆಯುವ ದಾರಿ. ಕಾರ್ಯದರ್ಶಿಗಳ ಕಡೆಯವರು, ಕಟ್ಟೆ ನಡುವೆ ಇರುವುದರಿಂದ ಪ್ರದಕ್ಷಿಣೆಯಾಗಿಯೇ ನಡೆಯಬೇಕು, ಉಲ್ಟಾ ಸುತ್ತುವುದು ಅಶುಭ ಎನ್ನುವವರು. ಅವರು 'ಕ'. ಪಾರ್ಕಿನ ಎದುರು ಮನೆಯ ನಿವೃತ್ತ ಇಂಜಿನಿಯರ ಕಡೆಯವರು, ಕ್ರೀಡಾಂಗಣದಲ್ಲಿ ಓಡುವವರೆಲ್ಲ ಆ ಕಡೆಯಿಂದಲೇ ಓಡುವುದು, ಅದೇ ಹೃದಯಕ್ಕೆ ಒಳ್ಳೆಯದು ಎಂದು ಅಪ್ರದಕ್ಷಿಣೆಯಾಗಿ ನಡೆಯುವವರು. ಅವರು 'ಚ'. ದಾರಿ ಕಿರಿದು. ಎದುರುಬದುರಾಗಿ ಯಾರು ಪಕ್ಕಕ್ಕೆ ಸರಿಯಬೇಕು ಎಂಬುದರ ಮೇಲೆ ಎರಡು ವರ್ಷದಿಂದ ಇ-ಮೇಲ್ ಗುಂಪಿನಲ್ಲಿ ಯುದ್ಧ ನಡೆದಿತ್ತು. ನೀರಿನ ಬಗ್ಗೆ ಒಬ್ಬರು ಬರೆದರೂ, ಬೀದಿ ದೀಪದ ಬಗ್ಗೆ ಇನ್ನೊಬ್ಬರು ಬರೆದರೂ, ನಾಲ್ಕನೆಯ ಉತ್ತರದ ಹೊತ್ತಿಗೆ ಮಾತು ಕಟ್ಟೆ ಸುತ್ತಲು ಬಂದು ನಿಲ್ಲುತ್ತಿತ್ತು. ನಾನು ಚಿಲಕ ಹಾಕಿ ಬಂದ ಚೀಟಿ ಕಾರ್ಯದರ್ಶಿಗಳು ಸ್ವತಃ ಬರೆದದ್ದು.

ಹಾಗಾದರೆ ತಾಯಿಗೆ ಮಾತ್ರೆ ತಂದುಕೊಡಿ ಎಂದವನು ಯಾರು ಎಂದು ಕೇಳಿದೆ.

"ಅಂವ ಈಗ ಜೈಲಿನ್ಯಾಗ ಅದಾನ್ರಿ ಅಜ್ಜಿ. ಊರಾಗ ಇರಾಂಗಿಲ್ಲ ಅಂದಿದ್ದನಲ್ಲ, ಆ ವಾರನ ಅವ ಮಾಡಿದ್ದು. ಮೂರು ಮಂದಿ ಸತ್ರು."

ಒಲೆಯ ಮೇಲೆ ಹಾಲು ಉಕ್ಕಿತು. ನಾನು ಆರಿಸಿದೆ. ಆ ಮುದುಕಿಗೆ ಮಾತ್ರೆ ಯಾರು ತಂದುಕೊಟ್ಟರೋ ಎಂದು ಮಾತ್ರ ನನ್ನ ತಲೆಯಲ್ಲಿ ಓಡುತ್ತಿತ್ತು. ನಾನು ಸೊನ್ನೆ ಹಾಕಿದ್ದ ಆ ಚೀಟಿಗೆ ಹುಡುಗಿಯೂ ಸೊನ್ನೆಯನ್ನೇ ಹಾಕಿದ್ದಳು. ಎಷ್ಟು ಓದಿದ್ದರೂ ಅವಳಿಗೂ ಅದರಲ್ಲಿ ಏನೂ ಕಂಡಿರಲಿಲ್ಲ.

"ನನ್ನ ಏಣಿ ಗದ್ದಲ ಅಳಿತದ, ಬ್ಯಾರೆ ಏನೂ ಅಳ್ಯಂಗಿಲ್ಲ" ಎಂದು ಎದ್ದು ಮೇಲೆ ಹೋದಳು.

ಮಾರನೆಯ ದಿನ ಅವಳ ಪ್ರೊಫೆಸರು ಇದಕ್ಕೆ ಬಹಳ ಸುಲಭದ ಉಪಾಯ ಹೇಳಿದರಂತೆ. ಸಾಧು ಗುಂಪು ಸಾಧುವಾಗಿಲ್ಲದಿದ್ದರೆ ಅದನ್ನು ಬಿಟ್ಟು ಇನ್ನೊಂದು ಸಾಧು ಗುಂಪನ್ನು ಹುಡುಕು, ಏಣಿಯನ್ನು ಮುಟ್ಟಬೇಡ, ಏಣಿಯ ಮೇಲೆ ನಾನು ಈಗಾಗಲೇ ಒಂದು ಲೇಖನ ಬರೆದಾಗಿದೆ. ಅವಳು ಒಂದು ಅಡುಗೆಯ ಗುಂಪನ್ನು ಹಿಡಿದಳು. ನಾನು ಮತ್ತೆ ಪೆನ್ಸಿಲ್ ಚೂಪು ಮಾಡಿದೆ. ಬಿಸಿಬೇಳೆಬಾತಿಗೆ ಈರುಳ್ಳಿ ಹಾಕುವ ವಿಷಯದಲ್ಲಿ ಅವರು ಎರಡೇ ದಿನದಲ್ಲಿ ನಾಲ್ಕನೆಯ ಮೆಟ್ಟಿಲಿಗೆ ಹತ್ತಿದ್ದರು. ಅವಳು ಆ ಕಟ್ಟನ್ನು ಅರ್ಧಕ್ಕೇ ನಿಲ್ಲಿಸಿದಳು.

ಇದರ ನಡುವೆ ಬೇರೊಂದು ಕಡೆಯಿಂದ ಮಳೆ ಮೋಡ ಕಟ್ಟುತ್ತಿತ್ತು. ಮನೆಯ ಕಂಪ್ಯೂಟರು ಕೆಟ್ಟಾಗ ಅವಳು ಪದ್ಮನಾಭನಗರದ ಒಂದು ಸೈಬರ್ ಕೆಫೆಗೆ ಹೋಗುತ್ತಿದ್ದಳು. ಕೆಫೆಯವನು ಗಿರಾಕಿಗಳ ಹಿಂದೆ ಓಡಾಡುತ್ತಾ ಪರದೆ ನೋಡುವ ಅಭ್ಯಾಸದವನು. ಬಂದೂಕಿನವನ ಚಿತ್ರ ನೋಡಿದ. ನಮ್ಮ ಕಾರ್ಯದರ್ಶಿಗಳಿಗೆ ಹೇಳಿದ. ಆ ದಿನಗಳಲ್ಲಿ ಟೀವಿಯಲ್ಲಿ ಎಲ್ಲೆಲ್ಲಿಯೋ ಬಾಂಬಿನ ಸುದ್ದಿ ಬರುತ್ತಿತ್ತು. ಎಲ್ಲರಿಗೂ ಭಯವಿತ್ತು, ಸುಳ್ಳಲ್ಲ. ಭಯದ ಜೊತೆಗೆ ನಿವೃತ್ತಿಯೂ ಇತ್ತು. ಹಾಗಾಗಿ ಸಂಘದವರು ಜಾಗೃತ ಸಮಿತಿಯೊಂದನ್ನು ಮಾಡಿಕೊಂಡು ಸದಸ್ಯರಿಗೆಲ್ಲ ಪೀಪಿ ಹಂಚಿದ್ದರು. ಮನೆಮನೆಗೆ ಕರಪತ್ರವೂ ಬಂತು. ಅನುಮಾನಾಸ್ಪದ ವ್ಯಕ್ತಿಯ ಲಕ್ಷಣಗಳು: ಯಾರ ಹತ್ತಿರವೂ ಬೆರೆಯುವುದಿಲ್ಲ, ಕಿಟಕಿ ಮುಚ್ಚಿಕೊಂಡಿರುತ್ತಾರೆ, ಮನೆಗೆ ಬರುವವರು ಕಡಿಮೆ, ಪ್ರಶ್ನೆ ಕೇಳಿದರೆ ಸರಿಯಾಗಿ ಉತ್ತರಿಸುವುದಿಲ್ಲ. ನಾನು ಅದನ್ನು ನಿಧಾನವಾಗಿ ಓದಿದೆ. ಮೇಲಿನ ಹುಡುಗಿ ಬೀದಿಯ ನಾಯಿಯನ್ನೂ ಮಾತಾಡಿಸುವವಳು. ನಾಲ್ಕೂ ಲಕ್ಷಣ ಸರಿಯಾಗಿ ಹೊಂದುತ್ತಿದ್ದದ್ದು ನನಗೆ.

ಠಾಣೆಯಿಂದ ಒಬ್ಬ ಕಾನ್‌ಸ್ಟೇಬಲ್ ಬಂದರು. ಸಂಘದವರು ದೂರು ಕೊಟ್ಟಿದ್ದರು. ಹುಡುಗಿ ವಿಶ್ವವಿದ್ಯಾಲಯದ ಕಾಗದ ತೋರಿಸಿದಳು. ಪೊಲೀಸ್ ಇಲಾಖೆಯ ದೊಡ್ಡ ಸಾಹೇಬರೇ ಅವಳ ಸಂದರ್ಶನಕ್ಕೆ ಸಿಕ್ಕಿ ಸಹಿ ಹಾಕಿದ್ದ ಕಾಗದವೂ ಇತ್ತು. ಕಾನ್‌ಸ್ಟೇಬಲ್ ಎದ್ದು ನಿಂತು ಓದಿದರು. ಕಾಫಿ ಕುಡಿದು, ತಮ್ಮ ಮಗಳು ಪಿಯುಸಿ, ಮುಂದೆ ಏನು ಓದಿಸಬಹುದು ಎಂದು ಅವಳನ್ನೇ ಕೇಳಿ, ಬರೆದುಕೊಂಡು ಹೋದರು. ಪೊಲೀಸರ ಕಡೆಯಿಂದ ಅಷ್ಟಕ್ಕೆ ಮುಗಿಯಿತು. ಸಂಘದ ಕಡೆಯಿಂದ ಅಲ್ಲ.

ಕಾರ್ಯದರ್ಶಿಗಳು ಎರಡು ದಿನ ಬಿಟ್ಟು ಬಂದರು. ಅವರೇ ಅನುಮತಿ ಬರೆದುಕೊಟ್ಟಿದ್ದನ್ನು ನೆನಪಿಸಬೇಕೆಂದು ನನಗೆ ನಾಲಿಗೆಯ ತುದಿಗೆ ಬಂತು. ಅಲ್ಲಿಂದ ಮುಂದಕ್ಕೆ ಬರಲಿಲ್ಲ.

"ಪೊಲೀಸ್ನೋರು ಕ್ಲೀನ್ ಅಂದ್ರೆ ಅದೇ ಡೇಂಜರ್ ಮೇಡಂ. ಟ್ರೈನಿಂಗ್ ಆದವರು ಹಂಗೇ ಇರ್ತಾರೆ" ಎಂದರು. "ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ. ತಿಂಗಳ ಕೊನೆಗೆ ಖಾಲಿ ಮಾಡ್ಸಿ. ಭಾನುವಾರ ಸಭೆ ಇದೆ, ನೀವೇ ಬಂದು ಎಲ್ಲರ ಮುಂದೆ ಒಂದು ಮಾತು ಹೇಳಿಬಿಡಿ. ಓನರು ನೀವು."

ನಾನು ಕಾಫಿ ಕೊಟ್ಟೆ. ಅವರು ಕುಡಿದು, ಬಹಳ ಸಂತೋಷ ಮೇಡಂ ಎಂದು ಹೋದರು.

ಮೇಲಿನಿಂದ ಹುಡುಗಿ ಎಲ್ಲ ಕೇಳಿಸಿಕೊಂಡಿದ್ದಳು. ಪುಸ್ತಕದ ರಟ್ಟಿನ ಪೆಟ್ಟಿಗೆಗಳನ್ನು ಬಿಸಾಡಿರಲಿಲ್ಲ, ಬಿಟಿಎಂನಿಂದ ತಂದವನ್ನೇ ಮಡಚಿ ಮಂಚದ ಕೆಳಗೆ ಇಟ್ಟಿದ್ದಳು. ಸಂಜೆ ನೋಡಿದರೆ ಅವು ಮಂಚದ ಮೇಲಿದ್ದವು. ಪುಣ್ಯಕ್ಕೆ ಇನ್ನೂ ಬಿಚ್ಚಿ ನಿಲ್ಲಿಸಿರಲಿಲ್ಲ. ಯುಗಾದಿಗೆ ಇನ್ನೂ ಚಳಿಗಾಲ ಪೂರ್ತಿ ಬಾಕಿಯಿತ್ತು. ನಿಮ್ಮಮ್ಮ ರಾತ್ರಿ ಊಟಕ್ಕೆ ಕೂತಾಗ, ಅಮ್ಮ, ಆ ಮನುಷ್ಯನಿಗೆ ಆಗಲ್ಲ ಅಂತ ಹೇಳು, ಅಷ್ಟೇ ತಾನೆ ಎಂದಳು. ಅವಳಿಗೇನು, ಅವಳು ಕೌಂಟರಿನಲ್ಲಿ ಕೂತು ದಿನಾ ಹತ್ತು ಜನರಿಗೆ ಆಗಲ್ಲ ಎನ್ನುವವಳು. ಆ ಭಾನುವಾರವೇ ಅವಳಿಗೆ ಬಡ್ತಿಯ ಪರೀಕ್ಷೆ ಬೇರೆ ಇತ್ತು. ಸಭೆಗೆ ನಾನೇ ಹೋಗಬೇಕಾಯಿತು.

ಸಭೆ ಬೆಳಿಗ್ಗೆ ಪಾರ್ಕಿನಲ್ಲೇ. ಕಟ್ಟೆಯ ಒಂದು ಪಕ್ಕದ ಕಲ್ಲುಬೆಂಚುಗಳಲ್ಲಿ ಪ್ರದಕ್ಷಿಣೆಯವರು, ಇನ್ನೊಂದು ಪಕ್ಕದಲ್ಲಿ ಇಂಜಿನಿಯರ ಕಡೆಯವರು. ನೀವಿಬ್ಬರೂ ಜಾರುಬಂಡೆಗೆ ಓಡಿದಿರಿ. ಹುಡುಗಿ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಳು, ಒಳಗೆ ಬರಲಿಲ್ಲ. ನಾನು ಹೆಂಗಸರ ಬೆಂಚಿನ ತುದಿಯಲ್ಲಿ ಕೂತು ಸೆರಗಿನ ಅಂಚು ಸುತ್ತುತ್ತಿದ್ದೆ. ಮನೆಯಲ್ಲಿ ಎಷ್ಟೋ ಸಲ ಒಳಗೇ ಹೇಳಿಕೊಂಡು ಬಂದಿದ್ದೆ: ಆಗುವುದಿಲ್ಲ, ಅವಳು ಇರುತ್ತಾಳೆ. ಎರಡೇ ಮಾತು. ಕೂತ ತಕ್ಷಣ ಅವೂ ಎಲ್ಲಿಗೋ ಹೋದವು.

ಕಾರ್ಯದರ್ಶಿಗಳು ದೇಶದ ಪರಿಸ್ಥಿತಿಯ ಬಗ್ಗೆ ಮಾತಾಡಿ, ಬಾಡಿಗೆದಾರರ ಬಗ್ಗೆ ಮಾತಾಡಿ, ನಮ್ಮ ಬಡಾವಣೆಯ ಸಂಸ್ಕಾರದ ಬಗ್ಗೆ ಮಾತಾಡಿದರು. ಈ ವಿಷಯದಲ್ಲಿ ಮಾತ್ರ ಇಂಜಿನಿಯರೂ ತಲೆ ಅಲ್ಲಾಡಿಸುತ್ತಿದ್ದರು. ಎರಡು ವರ್ಷದಲ್ಲಿ ಇಬ್ಬರೂ ಒಂದು ಮಾತಿಗೆ ತಲೆ ಅಲ್ಲಾಡಿಸಿದ್ದು ಅದೇ ಮೊದಲು. ಎಲ್ಲರೂ ಒಂದಾಗಿದ್ದರು. ಒಂದಾಗಿದ್ದಕ್ಕೆ ಮೇಲಿನ ಕೋಣೆಯ ಹುಡುಗಿ ಕಾರಣ.

"ಈಗ ಮೇಡಮ್ಮೇ ಹೇಳ್ತಾರೆ" ಎಂದು ಕಾರ್ಯದರ್ಶಿಗಳು ನನ್ನ ಕಡೆ ಕೈ ತೋರಿದರು. "ಹೇಳಿ ಮೇಡಂ, ಯಾವತ್ತು ಖಾಲಿ ಮಾಡಿಸ್ತೀರಿ?"

ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಆ ಮುಖಗಳನ್ನು ನಾನು ವರ್ಷಗಟ್ಟಲೆ ಕಿಟಕಿಯ ಸಂದಿಯಿಂದ ನೋಡಿದ್ದೆ, ಆದರೆ ಅವರನ್ನು ಬಲ್ಲವಳಾದದ್ದು ಆ ಚೀಟಿಗಳಿಂದ. ಹೆಸರಿಗೆ ಗೆರೆ ಎಳೆದಿದ್ದರೂ, ಅವರು ಬಾಯಿ ತೆರೆದರೆ ಯಾರ ಚೀಟಿ ಯಾವುದೆಂದು ತಿಳಿಯುತ್ತಿತ್ತು. ಇವರು ಮೂರನೆಯ ಮೆಟ್ಟಿಲು, ಇವರು ನಾಲ್ಕು, ಇವರು ಒಂದೇ ನೆಗೆತಕ್ಕೆ ಐದು. ಯಾವ ಮಾತು ಎತ್ತಿದರೆ ಯಾರು ಏಳುತ್ತಾರೆ ಎಂದು ನನಗೆ ಪೆನ್ಸಿಲ್ ಹಿಡಿದು ಹಿಡಿದು ರೂಢಿಯಾಗಿತ್ತು. ಆಗುವುದಿಲ್ಲ ಎನ್ನುವ ಧೈರ್ಯ ಬರಲಿಲ್ಲ. ಬೇರೊಂದು ಬಂತು.

"ಹೇಳ್ತೀನಿ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. "ಅದಕ್ಕೆ ಮುಂಚೆ ಒಂದು ಸಣ್ಣ ಸಂದೇಹ. ಡಾಕ್ಟ್ರು ನನಗೆ ವಾಕಿಂಗ್ ಮಾಡ್ಬೇಕು ಅಂದಿದಾರೆ. ಇಲ್ಲಿ ಯಾವ ಕಡೆಯಿಂದ ಸುತ್ತಬೇಕು?"

ಡಾಕ್ಟರು ಹೇಳಿದ್ದು ನಿಜ. ಸುಳ್ಳು ಹೇಳಿದ್ದೇನೆ ಎಂದು ತಿಳಿಯಬೇಡಿ.

ಕಾರ್ಯದರ್ಶಿಗಳು ದೊಡ್ಡ ಮನಸ್ಸಿನಿಂದ ನಕ್ಕರು.

"ಇದರಲ್ಲಿ ಕೇಳೋದೇನಿದೆ ಮೇಡಂ? ಮಧ್ಯ ಅಶ್ವತ್ಥಕಟ್ಟೆ ಇದೆ, ನಾಗಪ್ಪ ಇದಾನೆ. ಪ್ರದಕ್ಷಿಣೆ ಬನ್ನಿ. ವಾಕಿಂಗೂ ಆಯ್ತು, ಪುಣ್ಯಾನೂ ಬಂತು."

"ಹಾರ್ಟಿನ ವಿಷ್ಯ ಸಾರ್ ಇದು" ಎಂದು ಆ ಕಡೆಯಿಂದ ಇಂಜಿನಿಯರು ಎದ್ದರು. "ಸ್ಟೇಡಿಯಂನಲ್ಲಿ ಯಾವನಾದ್ರೂ ಪ್ರದಕ್ಷಿಣೆ ಓಡಿದ್ದು ನೋಡಿದೀರಾ? ಪಾಪ, ವಯಸ್ಸಾದವರಿಗೆ ತಪ್ಪು ದಾರಿ ತೋರಿಸ್ಬೇಡಿ."

"ತಪ್ಪು ದಾರಿ? ನೀವು ಎದುರಿಗೆ ಬಂದು ಬಂದೇ ಹೋದ ತಿಂಗಳು ನಮ್ಮ ಮನೆಯವರು ಬಿದ್ದು ಮಂಡಿ ತರಚಿಕೊಂಡಿದ್ದು."

"ಹಿಂದಕ್ಕೆ ತಿರುಕ್ಕೊಂಡು ಸೀರೆ ವಿಷ್ಯ ಮಾತಾಡ್ಕೊಂಡು ನಡೆದ್ರೆ ಕಟ್ಟೆಗೇ ಗುದ್ದುತಾರೆ ಸಾರ್, ನಮಗ್ಯಾಕೆ ಹೇಳ್ತೀರಿ?"

ನಾನು ಮಡಿಲಿನಲ್ಲಿ ಬೆರಳು ಮಡಚಿಕೊಂಡು ಕೂತಿದ್ದೆ. ದೂರು ಆಯಿತು. ನಾವು, ಅವರು ಆಯಿತು. ಪಾರ್ಕಿನ ಹುಲ್ಲು ಒಣಗಿದ್ದು, ಬೆಂಚು ಮುರಿದದ್ದು, ಹೋದ ವರ್ಷ ಗಣೇಶನ ಪೆಂಡಾಲಿಗೆ ಮಳೆ ನೀರು ನುಗ್ಗಿದ್ದು ಎಲ್ಲಕ್ಕೂ ಆ ಕಡೆಯವರೇ ಕಾರಣ ಎಂದು ಈ ಕಡೆಯವರು ಹೇಳಿದರು. ಆ ಕಡೆಯವರೂ ಅದನ್ನೇ ಹೇಳಿದರು. ಇಂಥವರ ಹತ್ತಿರ ಏನು ಮಾತು ಎಂದು ಯಾರೋ ಎದ್ದು ಚಪ್ಪಲಿ ಮೆಟ್ಟಿದರು. ಐದನೆಯದು ಬರುತ್ತದೋ ಇಲ್ಲವೋ ಎಂದು ನೋಡುತ್ತಿದ್ದೆ. ಸ್ವಲ್ಪ ತಡವಾಯಿತು, ಆದರೂ ಬಂತು. ಪ್ರದಕ್ಷಿಣೆಯವರು ಸ್ವಂತ ಖರ್ಚಿನಲ್ಲಿ ನೆಟ್ಟಿದ್ದ ಬಾಣದ ಗುರುತಿನ ಹಲಗೆಯನ್ನು ಇಂಜಿನಿಯರ ಕಡೆಯ ಒಬ್ಬರು, ಕಾಲೇಜಿನಲ್ಲಿ ಪಾಠ ಹೇಳಿದ್ದವರು, ಎರಡೂ ಕೈಯಲ್ಲಿ ಹಿಡಿದು ಕೀಳಲು ಹೋದರು. ಕಾರ್ಯದರ್ಶಿಗಳು ಪೀಪಿ ಊದಿದರು. ಸಮಿತಿಯವರೆಲ್ಲ ಊದಿದರು. ಸಮಿತಿಯಲ್ಲಿ ಎರಡೂ ಕಡೆಯವರಿದ್ದುದರಿಂದ ಎರಡೂ ಕಡೆಯಿಂದ ಪೀಪಿ ಕೇಳಿಸಿತು. ಹಲಗೆ ಅಲುಗಾಡಿತು, ಆದರೆ ಕಿತ್ತು ಬರಲಿಲ್ಲ. ಬಾಣ ಮಾತ್ರ ಆಕಾಶದ ಕಡೆ ತಿರುಗಿ ನಿಂತಿತು. ನೀವಿಬ್ಬರೂ ಜಾರುಬಂಡೆಯ ಮೇಲೆ ಚಪ್ಪಾಳೆ ತಟ್ಟುತ್ತಿದ್ದಿರಿ. ಇಂಜಿನಿಯರ ಕಡೆಯವರು ಎದ್ದು ಹೊರಗೆ ನಡೆದರು. ಸಭೆ ಅಷ್ಟಕ್ಕೆ ಬರಖಾಸ್ತು.

ನಾನು ಹೇಳಬೇಕಾಗಿದ್ದ ದಿನಾಂಕವನ್ನು ಯಾರೂ ಕೇಳಲಿಲ್ಲ.

ಗೇಟಿನಲ್ಲಿ ಹುಡುಗಿ ಬಾಯಿಗೆ ಓಢಣಿ ಒತ್ತಿಕೊಂಡು ನಿಂತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ಹತ್ತಿರ ಹೋದರೆ ನಗು.

"ಅಜ್ಜಿ, ನೀವು ಇದನ್ನ ಬೇಕಂತ ಕೇಳಿದ್ರೇನ್ರಿ?"

ಡಾಕ್ಟರು ಹೇಳಿದ್ದಾರೆ ಎಂದೆ.

ಮುಂದಿನ ವಾರಕ್ಕೆ ಇಂಜಿನಿಯರು ಬೇರೆ ಸಂಘ ಮಾಡಿದರು, ಬೇರೆ ಇ-ಮೇಲ್ ಗುಂಪು ಮಾಡಿದರು. ಹಳೆಯ ಸಂಘ ಖಾಲಿ ಮಾಡಿಸಬೇಕೆಂದದ್ದನ್ನು ಹೊಸ ಸಂಘ ಒಪ್ಪುವ ಹಾಗಿರಲಿಲ್ಲ. ಇಂಜಿನಿಯರೇ ಬಂದು, ತಾವು ವಿದ್ಯೆಗೆ ಬೆಲೆ ಕೊಡುವವರು, ಆ ಹೆಣ್ಣುಮಗಳಿಗೆ ಯಾರಾದರೂ ತೊಂದರೆ ಕೊಟ್ಟರೆ ತಮಗೆ ಹೇಳಬೇಕು ಎಂದರು. ಇದು ಕಾರ್ಯದರ್ಶಿಗಳ ಕಿವಿಗೆ ಬಿದ್ದ ಮೇಲೆ ಅವರೂ ಸುಮ್ಮನಾದರು. ಒಂದು ಮನೆಯ ಬಾಡಿಗೆ ಹುಡುಗಿಗಾಗಿ ಆ ಮನೆಯ ಮತವನ್ನು ಹೊಸ ಸಂಘಕ್ಕೆ ಬಿಟ್ಟುಕೊಡುವುದು ಜಾಣತನವಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಹುಡುಗಿ ರಟ್ಟಿನ ಪೆಟ್ಟಿಗೆಗಳನ್ನು ಮತ್ತೆ ಮಂಚದ ಕೆಳಗೆ ತಳ್ಳಿದಳು.

ಯುಗಾದಿಗೆ ಎರಡು ದಿನ ಇರುವಾಗ ಬರವಣಿಗೆ ಒಪ್ಪಿಸಿದಳು. ಪ್ರೊಫೆಸರು ಬೇಡವೆಂದರೂ ನಮ್ಮ ಬಡಾವಣೆಯ ಅಧ್ಯಾಯವನ್ನು ಬಿಡಲಿಲ್ಲ. ಏಣಿ ಗದ್ದಲವನ್ನಷ್ಟೇ ಅಳೆಯುತ್ತದೆ, ಗದ್ದಲ ಮಾಡುವವರು ಬೇರೆ, ಮಾಡಿಬಿಡುವವರು ಬೇರೆ ಎಂದೇ ಕೊನೆಗೆ ಬರೆದಳಂತೆ. ಬೇಸಿಗೆ ಕಳೆದ ಮೇಲೆ ಮೌಖಿಕ ಪರೀಕ್ಷೆ ನಡೆಯಿತು. ಹೊರಗಿನಿಂದ ಬಂದಿದ್ದ ದೊಡ್ಡವರು, ಹಾಗಾದರೆ ಮಾಡುವವನನ್ನು ಮೊದಲೇ ಗುರುತಿಸುವುದು ಹೇಗೆ ಎಂದು ಕೇಳಿದರಂತೆ. ಗೊತ್ತಿಲ್ಲ ಸರ್ ಎಂದಳಂತೆ. ಅವರು ಬಹಳ ಹೊತ್ತು ಯೋಚಿಸಿ, ನಮಗೂ ಗೊತ್ತಿಲ್ಲ ಎಂದು ಪಾಸು ಮಾಡಿದರು. ಗೊತ್ತಿಲ್ಲ ಎಂದು ಹೇಳಿಯೂ ಡಾಕ್ಟರಾಗಬಹುದು ಎಂದು ನನಗೆ ಆಗ ತಿಳಿಯಿತು. ತಿಳಿದಿದ್ದರೆ ಏಳನೆಯ ಕ್ಲಾಸಿಗೆ ನಿಲ್ಲಿಸುತ್ತಿರಲಿಲ್ಲ.

ಆ ಮುದುಕಿಯ ಮಾತ್ರೆಯ ವಿಚಾರವನ್ನೂ ಅವಳು ಯಾರ ಯಾರನ್ನೋ ವಿಚಾರಿಸಿದಳು. ಪಕ್ಕದ ಮನೆಯವರು ತಂದುಕೊಡುತ್ತಿದ್ದಾರಂತೆ. ಮಗ ಎ‌ಲ್ಲಿದ್ದಾನೆಂದು ಮುದುಕಿ ಕೇಳಿದರೆ ಊರಲ್ಲಿಲ್ಲ ಎನ್ನುತ್ತಾರಂತೆ.

ಇಷ್ಟೆಲ್ಲ ಆದರೂ ಸಭೆಯಲ್ಲಿ ನಾನು ಕೇಳಿದ ಪ್ರಶ್ನೆಯನ್ನು ಇಬ್ಬರು ಮರೆತಿರಲಿಲ್ಲ. ಒಂದು ಬೆಳಿಗ್ಗೆ ಕಾರ್ಯದರ್ಶಿಗಳು ಬಂದು, ಮೇಡಂ, ವಾಕಿಂಗ್ ಶುರು ಮಾಡಿದ್ರಾ, ಯಾವ ಕಡೆಯಿಂದ ಎಂದು ಕೇಳಿದರು. ನಾನು ಕಾಫಿ ಕೊಟ್ಟೆ. ಅವರು ಕುಡಿದು, ನನಗೆ ಗೊತ್ತಿತ್ತು ಮೇಡಂ, ನೀವು ಸಂಪ್ರದಾಯಸ್ಥರು ಎಂದು ಹೋದರು. ಸಂಜೆ ಇಂಜಿನಿಯರು ಅದೇ ಪ್ರಶ್ನೆ ಹಿಡಿದುಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂತರು. ಮೆಟ್ಟಿಲ ಮೇಲೆ ಹುಡುಗಿ ನಿಮ್ಮಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ನಾನು ಏನು ಹೇಳುತ್ತೇನೋ ಎಂದು ನೋಡುತ್ತಿದ್ದಳು. ನಾನು ಒಳಗೆ ಹೋಗಿ ಡಿಕಾಕ್ಷನ್ ಇಳಿದಿದೆಯೇ ಎಂದು ನೋಡಿದೆ.